ರತ್ನಾ ಮೇಡಮ್‌ಗೆ ಹುಚ್ಚು ಹಿಡಿದಿರಲಿಲ್ಲ

ದಿಲ್ಲಿಗೆ ಅಂಟಿಕೊಂಡ ಘಾಜಿಯಾಬಾದಿನ ವೈಶಾಲಿ, ವಸುಂಧರಾ ಕಡೆ ಕಾರು ಓಡಿಸುವ ಹೆಂಗಸರನ್ನು ಯಾರ ಹತ್ತಿರ ಕಲಿತಿರಿ ಎಂದು ಕೇಳಿದರೆ ಬಹಳ ಮಂದಿ ರತ್ನಾ ಮೇಡಮ್ ಹೆಸರು ಹೇಳುತ್ತಾರೆ. ಹೇಳುವಾಗ ನಗುತ್ತಾರೆ. ಅವಳ ಬಾಯಿಂದ ಬೈಸಿಕೊಳ್ಳದೆ ಲೈಸೆನ್ಸ್ ಪಡೆದವರು ಯಾರೂ ಇಲ್ಲ.

ಅವಳ ಪೂರ್ತಿ ಹೆಸರು ರತ್ನಪ್ರಭಾ. ಹುಟ್ಟಿದ್ದು ಚಿತ್ರದುರ್ಗದಲ್ಲಿ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಚಂದ್ರಕಾಂತನನ್ನು ಮದುವೆಯಾಗಿ ದಿಲ್ಲಿಗೆ ಬಂದಳು. ಬಾಡಿಗೆ ಮನೆಗಳನ್ನು ಬದಲಿಸುತ್ತ ಬದಲಿಸುತ್ತ ಕೊನೆಗೆ ವಸುಂಧರಾದಲ್ಲಿ ಒಂದು ಫ್ಲ್ಯಾಟ್ ಮಾಡಿಕೊಂಡರು. ಚಂದ್ರಕಾಂತನಿಗೆ ಸ್ಟೀರಿಂಗ್ ಹಿಡಿದರೆ ಕೈ ಬೆವರುತ್ತಿತ್ತು. ಹಾಗಾಗಿ ಕಾರು ಕಲಿಯಲು ಅವಳೇ ಹೋದಳು. ಕಲಿಸುವ ಗಂಡಸು ಗೇರ್ ಹಾಕುವ ನೆಪದಲ್ಲಿ ಅವಳ ಕೈಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಅವಳು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅವನ ಕೆನ್ನೆಗೆ ಬಾರಿಸಿ ಇಳಿದು ನಡೆದಳು. ಇಂಥವನ ಹತ್ತಿರ ಇನ್ನೊಬ್ಬ ಹೆಂಗಸು ಕಲಿಯಬಾರದು ಎಂಬ ಹಟಕ್ಕೆ ಬಿದ್ದು, ಬೇರೆ ಕಡೆ ಕಲಿತು, ಮುಂದೆ ತಾನೇ ಕಲಿಸಲು ನಿಂತಳು. ತನ್ನ ಸೀಟಿನ ಕಡೆಗೂ ಒಂದು ಬ್ರೇಕ್, ಒಂದು ಕ್ಲಚ್ ಕೂರಿಸಿದ ಬಿಳಿ ವ್ಯಾಗನ್ ಆರ್ ಅವಳದು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಕೆಲಸ ಮಾಡಿದಳು.

ಅವಳ ಕೋಪ ಸುಮ್ಮಸುಮ್ಮನೆ ಬರುತ್ತಿರಲಿಲ್ಲ. ಹೆದರಿ ಅಳುವವಳಿಗೆ ಎಂದೂ ಬೈಯುತ್ತಿರಲಿಲ್ಲ. ಫೋನಿನಲ್ಲಿ ಮಾತಾಡುತ್ತ ಅಡ್ಡ ಬರುವ ಬೈಕಿನವನು, ಉಲ್ಟಾ ದಿಕ್ಕಿನಲ್ಲಿ ನುಗ್ಗುವ ಇ-ರಿಕ್ಷಾದವನು, "ಹೆಂಗಸು ಓಡಿಸ್ತಿದಾಳೆ, ಅದಕ್ಕೇ ಜಾಮ್" ಎಂದು ಕಿಟಕಿ ಇಳಿಸಿ ಹೇಳುವವನು, ಇವರಿಗೆಲ್ಲ ಸರಿಯಾಗಿ ಸಲ್ಲುತ್ತಿತ್ತು. ಹಿಂದಿಯಲ್ಲಿ ಶುರುವಾದ ಬೈಗುಳ ಕಾವೇರಿದಂತೆ ಕನ್ನಡಕ್ಕೆ ತಿರುಗುತ್ತಿತ್ತು. ಕಲಿಯುವವರು ಆ ಕನ್ನಡವನ್ನೂ ಕಲಿತುಬಿಡುತ್ತಿದ್ದರು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬಬಿತಾ ತ್ಯಾಗಿ ಎಂಬ ಹೊಸ ವಿದ್ಯಾರ್ಥಿನಿಯ ಪಕ್ಕ ಕೂತಿದ್ದಾಗ ರತ್ನಪ್ರಭಾಳಿಗೆ ದವಡೆ ನೋಯತೊಡಗಿತು. ನೋವು ಎಡಭುಜಕ್ಕೆ ಇಳಿಯಿತು. ಮೊದಲು ಗ್ಯಾಸ್ ಎಂದುಕೊಂಡಳು. ಹೊರಗೆ ಮಂಜು ಕವಿದಿತ್ತು, ಅವಳ ರವಿಕೆ ಮಾತ್ರ ಬೆವರಿನಿಂದ ಒದ್ದೆಯಾಗಿತ್ತು.

"ಬಬಿತಾ, ಗಾಡಿ ಆಸ್ಪತ್ರೆ ಕಡೆ ತಿರುಗಿಸು."

"ಮೇಡಮ್, ಆ ಕಡೆ ಫ್ಲೈಓವರ್ ಇದೆ! ನಾನಿನ್ನೂ ಹತ್ತಿಸಿಲ್ಲ!"

"ಇವತ್ತು ಹತ್ತಿಸ್ತೀಯ. ಸೆಕೆಂಡ್ ಗೇರ್. ಕ್ಲಚ್ ಪೂರ್ತಿ ಒತ್ತು, ಅರ್ಧ ಅಲ್ಲ! ಹಾರ್ನ್ ಮಾಡ್ತಿರೋನು ಮಾಡ್ಲಿ, ಅವನಪ್ಪನ ರಸ್ತೆ ಅಲ್ಲ ಇದು."

ಬಬಿತಾ ಅಳುತ್ತಳುತ್ತಲೇ ಫ್ಲೈಓವರ್ ಹತ್ತಿಸಿ ಇಳಿಸಿದಳು. ಎಮರ್ಜೆನ್ಸಿ ಬಾಗಿಲ ಮುಂದೆ ಗಾಡಿ ನಿಂತಾಗ ರತ್ನಪ್ರಭಾ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಹ್ಯಾಂಡ್‌ಬ್ರೇಕ್ ಮರೆತೆ ನೀನು."

ಅಲ್ಲಿಯವರೆಗೆ ಎಲ್ಲರೂ ಮಾಡಬೇಕಾದ್ದನ್ನು ಸರಿಯಾಗಿಯೇ ಮಾಡಿದರು. ಡಾಕ್ಟರುಗಳೂ ಅಷ್ಟೆ. ಮುಚ್ಚಿಹೋದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಆದರೆ ಹೃದಯ ಬಳಲಿತ್ತು. ಶ್ವಾಸಕೋಶದಲ್ಲಿ ನೀರು ನಿಂತಿತು, ಮೇಲೆ ಜ್ವರ ಬಂತು. ಹಾಗಾಗಿ ಐಸಿಯುನಲ್ಲೇ ಇಟ್ಟುಕೊಂಡರು. ಕನ್ನಡಕ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಚಂದ್ರಕಾಂತನ ಕೈಗೆ ಕೊಟ್ಟರು. ಕನ್ನಡಕವಿಲ್ಲದೆ ಅವಳಿಗೆ ಒಂದು ಮಾರಿನ ಆಚೆ ಏನೂ ಕಾಣುವುದಿಲ್ಲ. ಅಲ್ಲಿ ಕಿಟಕಿಯಿಲ್ಲ. ಹಗಲೋ ರಾತ್ರಿಯೋ ತಿಳಿಯದಂತೆ ಟ್ಯೂಬ್‌ಲೈಟು ಉರಿಯುತ್ತಲೇ ಇರುತ್ತದೆ. ಒಂದು ಯಂತ್ರ ಕೂಗಿ ನಿಲ್ಲುವ ಮೊದಲೇ ಇನ್ನೊಂದು ಕೂಗುತ್ತದೆ. ಸ್ವಲ್ಪ ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಯಾರೋ ಬಂದು ಬೆರಳು ಚುಚ್ಚುತ್ತಾರೆ.

ಅಲ್ಲಿ ಅವಳ ತಲೆಯೊಳಗೆ ಏನಾಯಿತೆಂಬುದು ಅವಳಿಗೆ ತುಂಡು ತುಂಡಾಗಿ ನೆನಪಿದೆ. ಮಂಚ ಒಂದು ಗಾಡಿ. ಇಳಿಜಾರಿನಲ್ಲಿ ಉರುಳುತ್ತಿದೆ. ಎದುರಿನಿಂದ ಹೈ ಬೀಮ್ ಹಾಕಿಕೊಂಡು ಲಾರಿಗಳು ಬರುತ್ತಿವೆ. ಪಕ್ಕದ ಮಂಚದಲ್ಲಿ ಯಾರೋ ಮಲಗಿದ್ದಾರೆ, ಇನ್ನೇನು ಅವರ ಮೇಲೆ ಹರಿಯುತ್ತದೆ. ಬ್ರೇಕ್ ಕಾಲಿಗೆ ಸಿಗುತ್ತಿಲ್ಲ, ಕಾಲಿಗೆ ಏನೋ ಸುತ್ತಿಕೊಂಡಿದೆ. ಅವಳು ಕಾಲು ಬಿಡಿಸಿಕೊಳ್ಳಲು ಒದ್ದಾಡಿದಳು, ಕೈಯ ಸೂಜಿ ಕಿತ್ತಳು, "ಬ್ರೇಕ್ ಹಾಕ್ರೋ! ಜನ ಮಲಗಿದಾರೆ, ಬ್ರೇಕ್ ಹಾಕ್ರೋ!" ಎಂದು ಕನ್ನಡದಲ್ಲಿ ಕಿರುಚಿದಳು. ಹಿಡಿಯಲು ಬಂದ ವಾರ್ಡ್‌ಬಾಯ್‌ಗೆ ಒದ್ದಳು. ಮತ್ತೊಬ್ಬರ ಜೀವ ಉಳಿಸಲು ಹೋದವಳ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದರು.

ಸಂಜೆ ಭೇಟಿಯ ಹೊತ್ತಿಗೆ ಒಳಗೆ ಬಂದ ಚಂದ್ರಕಾಂತ ಹೆಂಡತಿಯನ್ನು ಹಾಗೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಕರ್ತವ್ಯದಲ್ಲಿದ್ದ ಕಿರಿಯ ಡಾಕ್ಟರು ಕೈಯಲ್ಲಿದ್ದ ಹಾಳೆಯಿಂದ ತಲೆಯೆತ್ತದೆ ಕೇಳಿದರು: "ಪೇಷಂಟ್‌ಗೆ ಮೊದಲಿಂದ ಏನಾದರೂ ಮಾನಸಿಕ ತೊಂದರೆ ಇತ್ತಾ? ಕುಡಿಯೋ ಅಭ್ಯಾಸ?"

"ಇಲ್ಲ ಇಲ್ಲ," ಎಂದ ಚಂದ್ರಕಾಂತ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಆದರೆ ಕೋಪ ಜಾಸ್ತಿ ಸರ್. ಮೊದಲಿಂದಲೂ ಹೀಗೇ ಕಿರುಚಾಡ್ತಾಳೆ."

ಮೊದಲಿಂದಲೂ ಹೀಗೇ! ಜ್ವರ ಯಾಕೆ ಇಳಿದಿಲ್ಲ, ಕನ್ನಡಕ ಎಲ್ಲಿ, ಎಷ್ಟು ಹೊತ್ತಿನಿಂದ ನಿದ್ದೆಯಿಲ್ಲ, ಯಾವ ಔಷಧಿಯಿಂದ ಹೀಗಾಗಿರಬಹುದು ಎಂದು ಮುಂದೆ ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಮಲಗಿಸುವ ಇಂಜೆಕ್ಷನ್ ಕೊಟ್ಟರು. ಬಾಗಿಲ ಬಳಿಯ ಕಾವಲುಗಾರ ಹೊರಗೆ ಕಾಯುತ್ತಿದ್ದವರಿಗೆ, ಒಳಗೆ ಒಬ್ಬಳು ಆಂಟಿ ಪಾಗಲ್ ಆಗಿದ್ದಾಳೆ ಎಂದು ನಗುತ್ತ ಹೇಳುತ್ತಿದ್ದದ್ದು ಮಗಳು ಗಗನಾಳ ಕಿವಿಗೆ ಬಿತ್ತು.

ಗಗನಾ ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ನೋಯ್ಡಾದ ಶಾಲೆಯೊಂದರಲ್ಲಿ ಟೀಚರು. ಅಮ್ಮನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ನಡುವೆ ಹಿಂದಿ ನುಗ್ಗುತ್ತದೆ. ಮರುದಿನ ಅವಳು ಒಳಗೆ ಹೋದಾಗ ನರ್ಸ್ ಖುಷಿಯಿಂದ ಹೇಳಿದಳು: "ಈಗ ಮಮ್ಮಿ ತುಂಬ ಶಾಂತ. ಸ್ವಲ್ಪವೂ ತೊಂದರೆ ಕೊಡ್ತಿಲ್ಲ."

ನಿಜ, ಶಾಂತವಾಗಿದ್ದಳು. ಕೈ ಬಿಚ್ಚಿದ್ದರು. ಅವಳು ಹೊದಿಕೆಯ ಅಂಚಿನಿಂದ ಇಲ್ಲದ ದಾರವೊಂದನ್ನು ಎಳೆಯುತ್ತಿದ್ದಳು. ಕಣ್ಣು ತೆರೆದಿತ್ತು. ಗಗನಾ ಮುಖದ ಮುಂದೆ ಬಾಗಿದರೂ ಆ ನೋಟ ಅವಳನ್ನು ದಾಟಿ ಎಲ್ಲಿಗೋ ಹೋಯಿತು. ತುಟಿಗೆ ಇಟ್ಟ ಗಂಜಿ ಕೆನ್ನೆಯ ಮೇಲೆ ಹರಿಯಿತು.

"ಅಮ್ಮ, ನಾನು ಗಗನಾ. ಸುನೋ ನಾ ಅಮ್ಮ. ನನ್ನ ನೋಡು."

"ಬಸ್ಸು ಹೋಯ್ತಾ?" ಎಂದಳು ರತ್ನಪ್ರಭಾ. ಆಮೇಲೆ ಮಾತೇ ಇಲ್ಲ.

ಗಗನಾ ನೇರ ಡಾಕ್ಟರ ಬಳಿ ಹೋದಳು. "ಅಮ್ಮ ಸರಿಯಿಲ್ಲ. ನಿನ್ನೆಗಿಂತ ಇವತ್ತು ಹೆಚ್ಚು ಸರಿಯಿಲ್ಲ."

"ನಿನ್ನೆ ಗಲಾಟೆ ಮಾಡ್ತಿದ್ದರು. ಇವತ್ತು ಸೆಟಲ್ ಆಗಿದ್ದಾರೆ."

"ನಮ್ಮಮ್ಮ ಹೀಗೆ ಸೆಟಲ್ ಆಗೋಳಲ್ಲ ಸರ್! ಒಬ್ಬರು ಗಂಜಿ ಮುಖಕ್ಕೆ ಚೆಲ್ಲಿದರೆ ಅವಳು ಸುಮ್ಮನಿರಲ್ಲ!"

ಡಾಕ್ಟರು ಭೇಟಿಯ ಸಮಯ ಮುಗಿಯಿತು ಎಂದರು. ಗಗನಾ ಅಲುಗಲಿಲ್ಲ. ತಾಯಿಯ ಕೋಪ ಮಗಳಿಗೂ ಬಂದಿತ್ತು, ಅಲ್ಲಿಯವರೆಗೆ ಅದನ್ನು ಬಳಸುವ ಸಂದರ್ಭ ಬಂದಿರಲಿಲ್ಲ. ದೊಡ್ಡ ಡಾಕ್ಟರು ಬರುವವರೆಗೂ ಬಾಗಿಲಲ್ಲಿ ನಿಂತು, ತಾನು ಪಕ್ಕದಲ್ಲಿ ಕೂರುವುದಕ್ಕೆ ಅವರಿಂದ ಅನುಮತಿ ಕಿತ್ತುಕೊಂಡಳು. ಅಪ್ಪನ ಬ್ಯಾಗಿನಿಂದ ಕನ್ನಡಕ ತಂದು ಅಮ್ಮನ ಮೂಗಿನ ಮೇಲೆ ಕೂರಿಸಿದಳು. ಶಾಲೆಗೆ ರಜೆ ಹಾಕಿ ಬೆಳಗಿನಿಂದ ಸಂಜೆಯವರೆಗೆ ಕೂತು ತನ್ನ ಮುರುಕು ಕನ್ನಡದಲ್ಲಿ, ಇವತ್ತು ಯಾವ ವಾರ, ಹೊರಗೆ ಎಷ್ಟು ಮಂಜು, ಬಬಿತಾ ಆಂಟಿ ಹೇಗೆ ಬಂದು ಬಾಗಿಲಲ್ಲಿ ಜಗಳವಾಡಿ ಹೋದಳು ಎಂದೆಲ್ಲ ಹೇಳುತ್ತಲೇ ಇದ್ದಳು. ಜ್ವರವೂ ಇಳಿಯಿತು. ರತ್ನಪ್ರಭಾ ಸ್ವಲ್ಪಸ್ವಲ್ಪವಾಗಿ ಮರಳಿದಳು. ಬೆಳಿಗ್ಗೆ ಮಗಳ ಗುರುತು ಹತ್ತಿದರೆ ಸಂಜೆಗೆ ಮತ್ತೆ ತಪ್ಪುತ್ತಿತ್ತು. ಕೊನೆಗೊಂದು ದಿನ ಮಧ್ಯಾಹ್ನ, "ನಿನಗೆ ಕೆಲಸ ಇಲ್ವಾ? ಇಲ್ಲೇನು ಕೂತಿದೀಯ?" ಎಂದು ಗದರಿದಳು. ಗಗನಾ ಅತ್ತಳು.

ಆಸ್ಪತ್ರೆಯವರು ಮನೆಗೆ ಕಳಿಸುವಾಗ ಎಣ್ಣೆ, ಉಪ್ಪು, ಮೆಟ್ಟಿಲು, ಮಾತ್ರೆ ಎಲ್ಲದರ ಬಗ್ಗೆ ಹೇಳಿದರು. ಆ ದಿನಗಳಲ್ಲಿ ಅವಳಿಗೆ ಆದದ್ದೇನು ಎಂಬ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಮನೆಯಲ್ಲಿ ಚಂದ್ರಕಾಂತನ ಅಕ್ಕ ಸೀತಮ್ಮ ಕಾಯುತ್ತಿದ್ದರು. ದಿಲ್ಲಿಯ ಪೀತಮ್‌ಪುರದಲ್ಲಿರುವ ಅವರು ತಮ್ಮನ ಮನೆ ನೋಡಿಕೊಳ್ಳಲು ಬಂದಿದ್ದರು. ಸಹಾಯಕ್ಕೆಂದೇ ಬಂದದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಅಡುಗೆ ಮಾಡಿದರು, ಬಟ್ಟೆ ಒಗೆದರು. ಕಾರಿನ ಕೀಲಿ ತೆಗೆದು ತಮ್ಮ ಕೈಚೀಲದಲ್ಲಿಟ್ಟುಕೊಂಡದ್ದೂ ಅವರೇ. ಚಂದ್ರಕಾಂತ ಕಲಿಯುವ ಹೆಂಗಸರಿಗೆಲ್ಲ ಫೋನ್ ಮಾಡಿ, ಮೇಡಮ್ ಇನ್ನು ಕಲಿಸುವುದಿಲ್ಲ, ಹೃದಯದ ಜೊತೆಗೆ ತಲೆಗೂ ಸ್ವಲ್ಪ ಆಗಿದೆ ಎಂದು ಹೇಳಿದ.

ಮೊದಮೊದಲು ರತ್ನಪ್ರಭಾಳಿಗೆ ಇದು ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದು ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ. ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದರು, ಸೀತಮ್ಮ ಉಪ್ಪನ್ನೇ ಹಾಕಿರಲಿಲ್ಲ.

"ಅತ್ತಿಗೆ, ಇದನ್ನ ದನ ಕೂಡ ತಿನ್ನಲ್ಲ," ಎಂದು ಅವಳು ತಟ್ಟೆ ಸರಿಸಿದಳು.

ಅಕ್ಕ ತಮ್ಮನ ಮುಖ ನೋಡಿದರು. ತಮ್ಮ ಅಕ್ಕನ ಮುಖ ನೋಡಿದ. "ಮಾತ್ರೆ ತಗೊಂಡ್ಲಾ?" ಎಂದು ಸೀತಮ್ಮ ಮೆಲ್ಲಗೆ ಕೇಳಿದರು, ಅವಳು ಅಲ್ಲಿ ಕೂತೇ ಇಲ್ಲವೆಂಬಂತೆ.

ಅಂದಿನಿಂದ ಅದೇ ಆಯಿತು. ಪೇಪರ್ ತಡವಾಯಿತೆಂದು ಬೈದರೆ ಆ ನೋಟ. ಕಾರಿನ ಕೀಲಿ ಕೇಳಿದರೆ ಆ ನೋಟ. ನಕ್ಕರೂ ಆ ನೋಟ. ಅವಳು ಸ್ನಾನಕ್ಕೆ ಹೋದಾಗ ಹೊರಗಿನಿಂದ ಚಿಲಕ ಹಾಕಬೇಡಿ ಎಂದು ಗಗನಾ ಸೋದರತ್ತೆಯೊಡನೆ ಜಗಳವಾಡಬೇಕಾಯಿತು. ಗಗನಾ ಶಾಲೆಗೆ ಹೋದ ಹೊತ್ತಿನಲ್ಲಿ ಸೀತಮ್ಮ ತಮ್ಮನಿಗೆ ರಾಜಸ್ಥಾನದ ಒಂದು ಗುಡಿಯ ವಿಷಯ ಹೇಳುತ್ತಿದ್ದರು. ಅಲ್ಲಿ ಇಂಥವರನ್ನು ಕೂರಿಸುತ್ತಾರಂತೆ, ಮೈಮೇಲಿರುವುದು ಇಳಿದು ಹೋಗುತ್ತದಂತೆ. ಚಂದ್ರಕಾಂತ ಬೇಡವೆನ್ನಲಿಲ್ಲ. ರಜೆ ನೋಡೋಣ ಎಂದ. ಗೋಡೆಯಾಚೆ ಮಲಗಿದ್ದ ರತ್ನಪ್ರಭಾ ಅದನ್ನು ಕೇಳಿಸಿಕೊಂಡಳು.

ಎದ್ದು ಹೋಗಿ ಇಬ್ಬರನ್ನೂ ದಬಾಯಿಸಬೇಕಿತ್ತು. ಅವಳಿಗೆ ಆಗಲಿಲ್ಲ. ಯಾಕೆಂದರೆ ಅವಳಿಗೂ ಭಯವಿತ್ತು. ಆ ಇಳಿಜಾರು, ಆ ಲಾರಿಗಳು, ಅವಳು ಕಣ್ಣಾರೆ ಕಂಡದ್ದು. ಇಲ್ಲದ್ದನ್ನು ಅಷ್ಟು ಸ್ಪಷ್ಟವಾಗಿ ಕಂಡವಳಿಗೆ ಹುಚ್ಚು ಎನ್ನದೆ ಏನೆನ್ನುತ್ತಾರೆ? ಇವತ್ತು ಕಾಣುತ್ತಿರುವುದಾದರೂ ನಿಜವೆಂದು ಹೇಗೆ ನಂಬುವುದು? ಬಾಲ್ಕನಿಯಲ್ಲಿ ನಿಂತು ಕೆಳಗಿನ ಗಾಡಿಗಳ ನಂಬರ್ ಓದುತ್ತ, ಸರಿಯಾಗಿ ಓದಿದೆನೇ ಎಂದು ಗಗನಾಳನ್ನು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ಬೈಯುವುದನ್ನು ಬಿಟ್ಟಳು. ಕೊಟ್ಟದ್ದು ತಿಂದಳು, ಹೇಳಿದ ಕಡೆ ಕೂತಳು.

"ಈಗ ಎಷ್ಟೋ ಪರವಾಗಿಲ್ಲ," ಎಂದ ಚಂದ್ರಕಾಂತ, ನೆಮ್ಮದಿಯಿಂದ. ಮನೆ ಇಷ್ಟು ಶಾಂತವಾಗಿದ್ದದ್ದು ಮದುವೆಯಾದ ಮೇಲೆ ಇದೇ ಮೊದಲು ಎಂದು ಅಕ್ಕನ ಹತ್ತಿರ ಹೇಳಿ ನಕ್ಕ ಕೂಡ.

ಮತ್ತೆ ತೋರಿಸಲು ಆಸ್ಪತ್ರೆಗೆ ಹೋದ ದಿನ ದೊಡ್ಡ ಡಾಕ್ಟರು ಎಕೋ ಸ್ಕ್ಯಾನ್ ನೋಡಿ, ಹೃದಯ ಚೆನ್ನಾಗಿ ಚೇತರಿಸಿದೆ ಎಂದರು. ಬೇರೆ ಏನಾದರೂ ಇದೆಯೇ ಎಂದು ಕೇಳಿದರು. ಚಂದ್ರಕಾಂತ ಬಾಯಿ ತೆರೆಯುವ ಮೊದಲೇ ರತ್ನಪ್ರಭಾ ಕೇಳಿದಳು.

"ಡಾಕ್ಟರ್ ಸಾಹೇಬ್, ನಾನು ಹುಚ್ಚಿಯಾ?"

ಡಾಕ್ಟರು ಆಶ್ಚರ್ಯದಿಂದ ನೋಡಿದರು. "ಯಾರು ಹೇಳಿದರು?"

"ಐಸಿಯುನಲ್ಲಿ ನನ್ನ ಕಟ್ಟಿಹಾಕಿದರಲ್ಲ."

"ಓಹ್, ಅದಾ," ಎಂದು ಅವರು ಹಗುರವಾಗಿ ಹೇಳಿದರು. "ಅದು ಡೆಲಿರಿಯಮ್. ಹಾರ್ಟ್ ಅಟ್ಯಾಕ್ ಆಗಿ ಐಸಿಯುಗೆ ಬಂದವರಲ್ಲಿ ಎಷ್ಟೋ ಜನಕ್ಕೆ ಆಗತ್ತೆ. ಜ್ವರ, ನಿದ್ದೆಗೇಡು, ಆಮ್ಲಜನಕ ಕಡಿಮೆಯಾಗೋದು, ಕೆಲವು ಔಷಧಿಗಳು, ಎಲ್ಲ ಸೇರಿ ಮಿದುಳು ಸ್ವಲ್ಪ ಕಾಲ ಗೊಂದಲಕ್ಕೆ ಬೀಳತ್ತೆ. ಕೆಲವರು ಕಿರುಚಾಡ್ತಾರೆ, ಕೆಲವರು ಪೂರ್ತಿ ಮಂಕಾಗ್ತಾರೆ. ಹುಚ್ಚಲ್ಲ. ನಿಮಗೆ ಆಗಲೇ ಬಿಟ್ಟುಹೋಗಿದೆ. ಯಾರೂ ಹೇಳಲಿಲ್ವಾ?"

ಆಗ ರತ್ನಪ್ರಭಾಳಿಗೆ ಬಂದ ಕೋಪ ಅವಳ ಬದುಕಿನಲ್ಲೇ ದೊಡ್ಡದು.

"ಯಾರು ಹೇಳಬೇಕಿತ್ತು? ಬೀದಿಯ ತರಕಾರಿ ಭಯ್ಯಾನಾ? ನೀವು ಹೇಳಬೇಕಿತ್ತು! ಉಪ್ಪು ಎಷ್ಟು ತಿನ್ನಬೇಕು ಅಂತ ಹೇಳೋಕೆ ಬಾಯಿತ್ತು, ಇದಕ್ಕೆ ಇರಲಿಲ್ವಾ? ನನ್ನ ಮನೇಲಿ ನನ್ನನ್ನ ಬೀಗ ಹಾಕಿ ಇಡೋ ಹಾಗಾಯ್ತು. ನಾನೇ ನನ್ನನ್ನ ನಂಬದ ಹಾಗಾಯ್ತು. ಒಂದು ಮಾತು ಸಾಕಿತ್ತು, ಡಾಕ್ಟರ್ ಸಾಹೇಬ್, ಒಂದೇ ಒಂದು ಮಾತು!"

"ಮೇಡಮ್, ಸಮಾಧಾನ, ನಿಮ್ಮ ಹೃದಯಕ್ಕೆ—"

"ಹೃದಯ ಚೆನ್ನಾಗಿದೆ ಅಂತ ನೀವೇ ಈಗ ಹೇಳಿದಿರಿ!"

ಹೊರಗೆ ಸಾಲಿನಲ್ಲಿ ಕೂತವರು ಇಣುಕಿ ನೋಡಿದರು. ಚಂದ್ರಕಾಂತ "ಪ್ರಭಾ, ಪ್ರಭಾ" ಎಂದು ಅವಳ ಸೆರಗು ಹಿಡಿದ. ಅವಳು ಸೆರಗು ಕಿತ್ತುಕೊಂಡು ಅವನ ಕಡೆ ಬೆರಳು ತೋರಿಸಿದಳು. "ಇವರಿಗೆ ಹೇಳಿ. ಈಗ ನನಗೆ ಹೇಳಿದ್ದನ್ನೆಲ್ಲ ಮೊದಲಿಂದ ಇವರಿಗೆ ಹೇಳಿ."

ಡಾಕ್ಟರು ಕೈಯಲ್ಲಿದ್ದ ಪೆನ್ ಕೆಳಗಿಟ್ಟರು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಚಂದ್ರಕಾಂತನ ಕಡೆ ತಿರುಗಿ, ಈ ಸಲ ನಿಧಾನವಾಗಿ, ಎಲ್ಲವನ್ನೂ ಮತ್ತೆ ಹೇಳಿದರು. ಅವನು ಮೇಜಿನ ಅಂಚು ನೋಡುತ್ತ ಕೇಳಿದ. ಕಾರು ಕಲಿಸಬಹುದೇ ಎಂದು ಅವಳು ಕೇಳಿದ್ದಕ್ಕೆ, ಇನ್ನೂ ಕೆಲವು ವಾರ ಬಿಟ್ಟು ನಿಧಾನಕ್ಕೆ ಶುರುಮಾಡಿ ಎಂದರು.

ಆಟೋದಲ್ಲಿ ಬರುವಾಗ ಅವಳೇ ಕೇಳಿದಳು. "ಮೊದಲಿಂದಲೂ ಹೀಗೇ ಅಂತ ಯಾಕೆ ಹೇಳಿದಿರಿ ಅವರಿಗೆ?" ಆ ಮಾತನ್ನು ಅಪ್ಪನ ಬಾಯಿಂದಲೇ ತಿಳಿದಿದ್ದ ಗಗನಾ ಅವಳಿಗೆ ಹೇಳಿದ್ದಳು.

"ಅವರು ಕೇಳಿದರು. ನನಗೆ ಗಾಬರಿಯಾಗಿತ್ತು. ಕೋಪ ಇರೋದು ನಿಜ ಅಲ್ವಾ?"

"ನನ್ನ ಕೋಪ ನೋಡಿದೀರಿ ನೀವು, ಮೂವತ್ತು ವರ್ಷ. ಒಂದು ದಿನ ಆದರೂ ನಾನು ಅರ್ಥ ಇಲ್ಲದೆ ಕಿರುಚಿದ್ದು ಇದೆಯಾ? ಅದು ನನ್ನ ಹಾಗಿಲ್ಲ, ಏನೋ ಆಗಿದೆ ಅಂತ ಹೇಳೋಕೆ ಇದ್ದವರು ನೀವೊಬ್ಬರೇ. ನೀವು ಅವರ ಕಡೆ ಸೇರ್ಕೊಂಡಿರಿ."

ಅವನು ಮುಂದೆ ಬಾಗಿ ಆಟೋದವನಿಗೆ ತಿರುವು ತೋರಿಸತೊಡಗಿದ.

ಮನೆಗೆ ಬಂದವಳೇ ಸೀತಮ್ಮನ ಮುಂದೆ ನಿಂತು ಕೈ ಚಾಚಿದಳು. "ಅತ್ತಿಗೆ, ಕೀಲಿ."

"ನಿನ್ನ ಒಳ್ಳೇದಕ್ಕೇ ಇಟ್ಟುಕೊಂಡಿದ್ದು ಕಣಮ್ಮ. ಆ ಸ್ಥಿತಿಯಲ್ಲಿ—"

"ಊರಲ್ಲಿ ಜ್ವರ ನೆತ್ತಿಗೇರಿದಾಗ ಜನ ಏನೇನೋ ಮಾತಾಡ್ತಿದ್ದರಲ್ಲ, ಅದಕ್ಕೆ ಏನಂತಿದ್ದರು ಅತ್ತಿಗೆ?"

ಸೀತಮ್ಮ ಯೋಚಿಸಿದರು. "ಸನ್ನಿ ಅಂತಿದ್ದರು."

"ಸನ್ನಿ ಹಿಡಿದವರನ್ನ ಜನ್ಮಪೂರ್ತಿ ಹುಚ್ಚರು ಅಂತಿದ್ದರಾ? ಬಿಟ್ಟ ಮೇಲೆ ಹೊಲಕ್ಕೆ ಹೋಗ್ತಿರಲಿಲ್ವಾ, ಮಕ್ಕಳನ್ನ ಸಾಕ್ತಿರಲಿಲ್ವಾ? ನಿಮಗೆ ಆ ಮಾತು ಗೊತ್ತಿತ್ತು. ನನ್ನ ವಿಷಯಕ್ಕೆ ಮಾತ್ರ ನೆನಪಾಗಲಿಲ್ಲ. ನಾನು ಬಾಯಿಬಡುಕಿ ನೋಡಿ, ಅದಕ್ಕೆ ಹುಚ್ಚೇ ಸರಿಹೋಯ್ತು ನಿಮಗೆ."

ಸೀತಮ್ಮ ಕೀಲಿ ಕೊಟ್ಟರು. ಮರುದಿನ ಪೀತಮ್‌ಪುರಕ್ಕೆ ಹೊರಟರು. ಹೊರಡುವಾಗ ಕಣ್ಣಲ್ಲಿ ನೀರಿತ್ತು. ರತ್ನಪ್ರಭಾ ಅವರನ್ನು ತಡೆಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಾರೆ. ಇವಳು ಮಾತಾಡುತ್ತಾಳೆ, ಚುಟುಕಾಗಿ.

ಬೇಸಿಗೆ ಕಾಲಿಡುವ ಹೊತ್ತಿಗೆ ಅವಳು ಕಲಿಸಲು ಶುರುಮಾಡಿದಳು. ಬಿಟ್ಟುಹೋದವರಲ್ಲಿ ಎಲ್ಲರೂ ವಾಪಸು ಬರಲಿಲ್ಲ. ಒಬ್ಬಳು ಫೋನಿನಲ್ಲೇ, ಮೇಡಮ್, ಗಂಡ ಬೇಡ ಅಂತಾರೆ, ನಿಮಗೆ ಆಗಿತ್ತಲ್ಲ ಅದು, ಎಂದಳು. ಆ ಹೆಂಗಸಿಗೆ ಬೈಯಲಿಲ್ಲ. ಬೈಯಬೇಕಾದವರು ಅವಳಲ್ಲ ಎಂದು ಗೊತ್ತಿತ್ತು.

ಆಸ್ಪತ್ರೆಯಲ್ಲಿ ಒಂದು ದೂರು ಬರೆದುಕೊಟ್ಟಳು. ಇನ್ನು ಮುಂದೆ ರೋಗಿಗಳ ಮನೆಯವರಿಗೆ ಇದರ ಬಗ್ಗೆ ತಿಳಿಸುತ್ತೇವೆ ಎಂದು ಉತ್ತರ ಬಂತು. ತಿಳಿಸುತ್ತಾರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತಾಳೆ. ಒಳಗೆ ಇವತ್ತು ಕೈಕಟ್ಟಿಸಿಕೊಂಡು ಮಲಗಿದವರ ಮನೆಯವರು ಹೊರಗೆ ಕುರ್ಚಿಯ ಮೇಲೆ ಕೂತು ಏನೆಂದುಕೊಳ್ಳುತ್ತಿದ್ದಾರೋ ಎನ್ನುತ್ತಾಳೆ.

ಗಂಡನೊಡನೆ ಅವಳು ಮಾತು ಬಿಟ್ಟಿಲ್ಲ. ಕ್ಷಮಿಸಿಯೂ ಇಲ್ಲ. ಆಟೋದಲ್ಲಿ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ಅವನೂ ಎತ್ತಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಚಂದ್ರಕಾಂತನ ಕಚೇರಿಯ ಸುಹಾಸ್ ಎಂಬ ಕನ್ನಡದ ಹುಡುಗ ಫೋನ್ ಮಾಡಿದ. ಅವನ ತಂದೆ ಹೃದಯಾಘಾತವಾಗಿ ಫರೀದಾಬಾದಿನಲ್ಲಿ ಐಸಿಯುನಲ್ಲಿದ್ದರು. ಅವರು ಮಗನ ಗುರುತು ಹಿಡಿಯದೆ, ಯಾರೋ ತನ್ನನ್ನು ಕೊಲ್ಲಲು ಬಂದಿದ್ದಾರೆ ಎನ್ನುತ್ತಿದ್ದರಂತೆ. ಸುಹಾಸ್ ಅಳುತ್ತಿದ್ದ.

ರತ್ನಪ್ರಭಾ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದಳು. ಹೊರಗಿನ ಕೋಣೆಯಿಂದ ಗಂಡನ ಮಾತು ಕೇಳಿಸುತ್ತಿತ್ತು.

"ಹುಚ್ಚಲ್ಲಪ್ಪ, ಕೇಳು. ಅದಕ್ಕೆ ಡೆಲಿರಿಯಮ್ ಅಂತಾರೆ, ಬಿಟ್ಟುಹೋಗತ್ತೆ. ಡಾಕ್ಟರಿಗೆ ಆ ಹೆಸರು ಹೇಳಿಯೇ ಕೇಳು. ಅಪ್ಪನ ಕನ್ನಡಕ ಯಾರ ಹತ್ತಿರ ಇದೆ? ಹಾಕಿಸು. ಕಿವಿ ಮೆಷಿನ್ ಇದ್ದರೆ ಅದನ್ನೂ ಹಾಕಿಸು. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಮಾತಾಡು. ಅಪ್ಪ ಮೊದಲು ಹೇಗಿದ್ದರು ಅಂತ ಅವರು ಕೇಳಿದರೆ..." ಇಲ್ಲಿ ಚಂದ್ರಕಾಂತ ದನಿ ತಗ್ಗಿಸಿದ. "ಸರಿಯಾಗಿ ಹೇಳು. ಹೀಗಿರಲಿಲ್ಲ ಅಂತ ಹೇಳು."

ಅವಳ ಕೈ ನಿಂತಿತು. ಆಗ ನನಗೆ ಯಾಕೆ ಇದನ್ನು ಮಾಡಲಿಲ್ಲ ಎಂಬ ಸಿಟ್ಟು ಮತ್ತೆ ಎದೆಗೇರಿತು. ಎದ್ದು ಬಾಗಿಲಿಗೆ ಬಂದಳು. ಚಂದ್ರಕಾಂತ ಫೋನ್ ಕಿವಿಗಿಟ್ಟುಕೊಂಡೇ ಅವಳ ಕಡೆ ನೋಡಿದ, ಬೈಗುಳಕ್ಕೆ ಸಿದ್ಧನಾದವನಂತೆ.

"ಇನ್ನೊಂದು ಹೇಳಿ ಆ ಹುಡುಗನಿಗೆ," ಎಂದು ಅವಳು ಗಟ್ಟಿಯಾಗಿ ಗದರಿದಳು. "ನಾಳೆ ಅವರಪ್ಪ ಸುಮ್ಮನಾದರೆ ವಾಸಿ ಆಯ್ತು ಅಂತ ಎದ್ದು ಮನೆಗೆ ಹೋಗಬೇಡ ಅನ್ನಿ. ಆಗಲೇ ಹತ್ತಿರ ಕೂರಬೇಕು."